180 ರೂಪಾಯಿಯ ಪಾಕೆಟ್ ನಿಘಂಟು ಮತ್ತು ‘ಫಸೀಷಸ್’ ಎಂಬ ಒಂದು ಪದ

ಎರಡು ವರ್ಷಗಳ ಹಿಂದೆ ಸಿದ್ಧಗಂಗೆಯ ಜಾತ್ರೆಗೆ ಹೋಗಿದ್ದಾಗ, ದನಗಳ ಪರಿಷೆಯನ್ನು ಒಂದು ಸುತ್ತು ನೋಡಿಕೊಂಡು ಬಂದು, ವಸ್ತುಪ್ರದರ್ಶನದ ಕೊನೆಯ ಸಾಲಿನಲ್ಲಿದ್ದ ಪುಸ್ತಕದ ಮಳಿಗೆಯೊಂದರಲ್ಲಿ 180 ರೂಪಾಯಿ ಕೊಟ್ಟು ಒಂದು ಇಂಗ್ಲಿಷ್–ಕನ್ನಡ ಪಾಕೆಟ್ ನಿಘಂಟನ್ನು ಕೊಂಡೆ. ಅಂದಿನಿಂದ ಅದು ನನ್ನ ಮೇಜಿನ ಮೇಲೆಯೇ ಇದೆ. ದಿನಕ್ಕೆ ಒಂದು ಬಾರಿಯಾದರೂ ಅದನ್ನು ತೆರೆಯುತ್ತೇನೆ. ಇಷ್ಟು ಕಾಲ ಬಳಸಿದ ಮೇಲೆ ಅದರ ಗುಣದೋಷಗಳನ್ನು ಕುರಿತು ಬರೆಯುವ ಅಧಿಕಾರ ನನಗೆ ಬಂದಿದೆಯೆಂದು ಭಾವಿಸಿದ್ದೇನೆ. ಪ್ರಕಾಶಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಗಾತ್ರದ, ಹೆಚ್ಚುಕಡಿಮೆ ಇದೇ ಬೆಲೆಯ ಇನ್ನೆರಡು ನಿಘಂಟುಗಳನ್ನು ಅಂಗಡಿಯಲ್ಲಿ ನಿಂತುಕೊಂಡೇ ತಿರುವಿ ನೋಡಿದಾಗ, ನಾನು ಹೇಳಲಿರುವ ದೋಷ ಅವುಗಳಲ್ಲಿಯೂ ಕಂಡಿತು. ಹೀಗಿರುವಾಗ ಒಬ್ಬರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಹಾಳೆಗಳನ್ನು ಅಂಟಿನಿಂದ ಮೆತ್ತದೆ ದಾರದಿಂದ ಹೊಲಿದು ಕಟ್ಟಿರುವುದರಿಂದ ಎರಡು ವರ್ಷದ ಬಳಕೆಯ ನಂತರವೂ ಒಂದು ಹಾಳೆಯೂ ಕಳಚಿಲ್ಲ. ಅಕ್ಷರ ಸಣ್ಣದಾದರೂ ಸ್ಪಷ್ಟವಾಗಿದೆ. ಅರವತ್ತು ದಾಟಿದ ಕಣ್ಣಿಗೆ ಕನ್ನಡಕ ಸಾಕು, ಭೂತಗನ್ನಡಿ ಬೇಡ. ಪ್ರತಿ ಪದದ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದಾರೆ. ಅಡಮಾನವೆಂಬ ಅರ್ಥದ ಪದವನ್ನು ‘ಮಾರ್ಟ್‌ಗೇಜ್’ ಎನ್ನದೆ ‘ಮಾರ್ಗೇಜ್’ ಎನ್ನಬೇಕೆಂಬುದು ನನಗೆ ತಿಳಿದದ್ದು ಇದರಿಂದಲೇ. ಕಚೇರಿ, ನ್ಯಾಯಾಲಯ, ಬ್ಯಾಂಕುಗಳಲ್ಲಿ ಬಳಕೆಯಾಗುವ ಪದಗಳಿಗೆ ಮುಚ್ಚಳಿಕೆ, ಜಾಮೀನು, ತಗಾದೆ, ಕ್ರಯಪತ್ರ ಮುಂತಾದ ಚಾಲ್ತಿಯಲ್ಲಿರುವ ಮಾತುಗಳನ್ನೇ ಕೊಟ್ಟಿರುವುದು ಮೆಚ್ಚಬೇಕಾದ ಸಂಗತಿ. ವಿಜ್ಞಾನದ ಪದಗಳಂತೂ ಪ್ರೌಢಶಾಲೆಯ ಪಠ್ಯಪುಸ್ತಕಗಳಿಗೆ ಸರಿಯಾಗಿ ಹೊಂದುತ್ತವೆ. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನಾದ್ದರಿಂದ ಅದನ್ನು ಪರೀಕ್ಷಿಸಿಯೇ ಹೇಳುತ್ತಿದ್ದೇನೆ.

ಈ ನಿಘಂಟು ಮುಗ್ಗರಿಸುವುದು ನಗೆಯ ವಿಷಯದಲ್ಲಿ. ಇಂಗ್ಲಿಷಿನಲ್ಲಿ ಹಾಸ್ಯಕ್ಕೆ ಸಂಬಂಧಿಸಿದ ವಿಶೇಷಣಗಳು ಹೇರಳವಾಗಿವೆ, ಮತ್ತು ಒಂದೊಂದಕ್ಕೂ ಅದರದೇ ಆದ ಹದವಿದೆ. ಈ ನಿಘಂಟಾದರೋ ಅವೆಲ್ಲವನ್ನೂ ಹಾಸ್ಯಪ್ರಿಯ, ವಿನೋದಶೀಲ, ತಮಾಷೆಯ, ನಗೆ ಬರಿಸುವ ಎಂಬ ನಾಲ್ಕು ಡಬ್ಬಿಗಳಿಗೆ ತುಂಬಿ ಮುಚ್ಚಳ ಹಾಕಿಬಿಡುತ್ತದೆ. ಅದರಿಂದ ಆಗುವ ಅನಾಹುತ ಏನೆಂಬುದನ್ನು ನಾನು ಒಂದು ಪದದ ಮೂಲಕ ಅನುಭವಿಸಿದೆ. ಆ ಪದವೇ ‘ಫಸೀಷಸ್’ (facetious).

ಕಳೆದ ವರ್ಷ ನಮ್ಮ ತಾಲ್ಲೂಕಿನ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು ನಿವೃತ್ತರಾದರು. ಅವರು ನನ್ನ ಹಳೆಯ ಸಹೋದ್ಯೋಗಿ. ಬಿನ್ನವತ್ತಳೆಯನ್ನು ಶಾಲೆಯ ಕನ್ನಡ ಪಂಡಿತರು ಸೊಗಸಾಗಿ ಬರೆದರು. ಪರದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಕಳುಹಿಸುವುದಕ್ಕೆಂದು ಅದರ ಇಂಗ್ಲಿಷ್ ಪ್ರತಿಯೂ ಬೇಕಾಯಿತು. ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಕನ್ನಡದಲ್ಲಿ ‘ವಿದ್ವಾಂಸರೂ ವಿನೋದಶೀಲರೂ ಆದ ತಾವು’ ಎಂದಿತ್ತು. ವಿನೋದಶೀಲ ಎಂಬುದಕ್ಕೆ ‘ಹ್ಯೂಮರಸ್’ ಎಂದು ಬರೆದರೆ ತೀರ ಸಾಧಾರಣವಾಯಿತೇನೋ ಎಂಬ ಅನುಮಾನ ಹುಟ್ಟಿ, ತೂಕದ ಪದವೊಂದನ್ನು ಹುಡುಕುತ್ತ ಪುಟ ತಿರುವಿದಾಗ ‘ಫಸೀಷಸ್’ ಸಿಕ್ಕಿತು. ಅದರ ಮುಂದೆ ‘ವಿನೋದಶೀಲ, ಹಾಸ್ಯಪ್ರಿಯ, ರಸಿಕ’ ಎಂದು ಅಚ್ಚಾಗಿತ್ತು. ಕನ್ನಡದ ಪದಕ್ಕೆ ಅಕ್ಷರಶಃ ಜೋಡಿಯಾಗುವ ಪದವೇ ಸಿಕ್ಕಿತೆಂದು ಹಿಗ್ಗಿ ಅದನ್ನೇ ಬರೆದೆ. ಪ್ರತಿಯನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿ, ಗಾಜಿನ ಚೌಕಟ್ಟು ಕಟ್ಟಿಸಿ, ಶಾಲು ಹೊದಿಸಿ ಕೊಟ್ಟೆವು.

ಸಮಾರಂಭಕ್ಕೆ ನನ್ನೊಡನೆ ಬಂದಿದ್ದ ಅಕ್ಕನ ಮಗಳು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಇಂಗ್ಲಿಷ್ ಬರವಣಿಗೆಯನ್ನು ತಿದ್ದುವ ಕೆಲಸದಲ್ಲಿದ್ದಾಳೆ. ಊಟದ ಪಂಕ್ತಿಯಲ್ಲಿ ಕುಳಿತಾಗ ಮೆಲ್ಲನೆ ಕೇಳಿದಳು: “ಮಾವ, ಆ ಇಂಗ್ಲಿಷ್ ಪ್ರತಿ ನೀವೇ ಬರೆದದ್ದಾ?” ಹೌದೆಂದೆ. “ಹಾಗಾದರೆ ಮೇಷ್ಟ್ರು ಎಲ್ಲದಕ್ಕೂ ತಲೆಹರಟೆ ಮಾಡುತ್ತಿದ್ದರು ಅಂತ ಫ್ರೇಮು ಹಾಕಿಸಿ ಕೊಟ್ಟ ಹಾಗಾಯಿತಲ್ಲ” ಎಂದಳು. ಹೋಳಿಗೆ ಗಂಟಲಲ್ಲಿ ನಿಂತಿತು.

ಮನೆಗೆ ಬಂದು ಅವಳ ಫೋನಿನಲ್ಲಿದ್ದ ದೊಡ್ಡ ಇಂಗ್ಲಿಷ್ ನಿಘಂಟುಗಳನ್ನು ನೋಡಿದ ಮೇಲೆ ವಿಷಯ ತಿಳಿಯಾಯಿತು. ಇಂದಿನ ಇಂಗ್ಲಿಷಿನಲ್ಲಿ, ಗಂಭೀರವಾಗಿ ಮಾತನಾಡಬೇಕಾದ ಕಡೆ ಹೊತ್ತುಗೊತ್ತಿಲ್ಲದೆ, ತಾನು ಚತುರನೆಂದು ತೋರಿಸಿಕೊಳ್ಳುವ ಹಾಗೆ ತಮಾಷೆ ಮಾಡುವುದಕ್ಕೆ ‘ಫಸೀಷಸ್’ ಎನ್ನುತ್ತಾರೆ. ನಗೆ ಇದೆಯೆಂದಷ್ಟೇ ಈ ಪದ ಹೇಳುವುದಿಲ್ಲ; ಆ ನಗೆ ಇರಬಾರದ ಜಾಗದಲ್ಲಿದೆ ಎಂದೂ ಹೇಳುತ್ತದೆ. ಆದ್ದರಿಂದ ಅದರೊಳಗೆ ಸಣ್ಣದೊಂದು ಗದರಿಕೆ ಯಾವಾಗಲೂ ಅಡಗಿರುತ್ತದೆ. ನನ್ನ ನಿಘಂಟು ಕೊಟ್ಟ ಮೂರು ಕನ್ನಡ ಪದಗಳೂ ಹೊಗಳಿಕೆಯ ಪದಗಳು. ಅರ್ಥವನ್ನು ಸ್ವಲ್ಪ ತಪ್ಪಾಗಿ ಕೊಟ್ಟಿದ್ದರೆ ಸಹಿಸಬಹುದಾಗಿತ್ತು. ಇಲ್ಲಿ ಬೈಗುಳವನ್ನು ಬಿರುದೆಂದು ಹೇಳಿಕೊಟ್ಟಂತಾಗಿದೆ.

ಹಾಗೆಂದು ನಿಘಂಟುಕಾರರು ಈ ಅರ್ಥವನ್ನು ಗಾಳಿಯಿಂದ ಹಿಡಿದು ತಂದರೆಂದು ಹೇಳುವಂತಿಲ್ಲ. ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಫ್ಯಾಕೇಟುಸ್’ ಎಂದರೆ ನಯವಾದ, ನಾಗರಿಕವಾದ, ಚತುರೋಕ್ತಿಯುಳ್ಳ ಎಂಬ ಅರ್ಥ. ಫ್ರೆಂಚ್ ಭಾಷೆಯ ಮೂಲಕ ಅದು ಇಂಗ್ಲಿಷಿಗೆ ಬಂದದ್ದು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ. ಬಹುಕಾಲ ಅದು ಶುದ್ಧ ಮೆಚ್ಚುಗೆಯ ಪದವಾಗಿಯೇ ಇತ್ತು. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನರ ಪ್ರಸಿದ್ಧ ಇಂಗ್ಲಿಷ್ ನಿಘಂಟಿನಲ್ಲಿಯೂ ಅದಕ್ಕೆ ಉಲ್ಲಾಸ, ಲವಲವಿಕೆ, ಮಾತಿನ ಚಾತುರ್ಯಗಳನ್ನು ಸೂಚಿಸುವ ಅರ್ಥಗಳೇ ಇವೆ. ಆಮೇಲೆ ಪದ ಮೆಲ್ಲಮೆಲ್ಲನೆ ಇಳಿಯಿತು. ಯಾವಾಗಲೂ ಚತುರೋಕ್ತಿ ಆಡುವವನನ್ನು ಜನ ಮೊದಮೊದಲು ಮೆಚ್ಚುತ್ತಾರೆ, ನಂತರ ಸಹಿಸುತ್ತಾರೆ, ಕೊನೆಗೆ ‘ಸಾಕು ಮಾರಾಯ’ ಎನ್ನುತ್ತಾರಲ್ಲವೇ, ಪದದ ಚರಿತ್ರೆಯೂ ಹೀಗೆಯೇ ನಡೆದಿದೆ. ಇದೇ ಬೇರಿನ ಬಹುವಚನ ನಾಮಪದವೊಂದನ್ನು ಇಂಗ್ಲಿಷ್ ಪುಸ್ತಕ ವ್ಯಾಪಾರಿಗಳು ಹಿಂದೆ ತಮ್ಮ ಪಟ್ಟಿಗಳಲ್ಲಿ ಬಳಸುತ್ತಿದ್ದರು. ವಿನೋದ ಸಾಹಿತ್ಯವೆಂಬ ಆ ತಲೆಬರಹದ ಕೆಳಗೆ ಅಶ್ಲೀಲ ಪುಸ್ತಕಗಳು ಮಾರಾಟಕ್ಕಿರುತ್ತಿದ್ದವು. ಬಿನ್ನವತ್ತಳೆ ಬರೆಯುವ ಮುಂಚೆ ಇದು ನನಗೆ ಗೊತ್ತಿದ್ದರೆ ಆ ಪದದ ನೆರಳನ್ನೂ ತುಳಿಯುತ್ತಿರಲಿಲ್ಲ.

ವಿಲಿಯಂ ರೀವ್ ಅವರ ಇಂಗ್ಲಿಷ್–ಕರ್ಣಾಟಕ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದು 1824ರಲ್ಲಿ. ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥ ಬರೆಯುವ ಕೆಲಸಕ್ಕೆ ಅಷ್ಟು ಹಳೆಯ ಚರಿತ್ರೆಯಿದೆ. ಅಗ್ಗದ ನಿಘಂಟುಗಳನ್ನು ತಯಾರಿಸುವವರು ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನೋಡಿಕೊಂಡು ಬರೆಯುತ್ತಾ ಬಂದಿರುವುದರಿಂದ, ಇಂಗ್ಲೆಂಡಿನಲ್ಲಿ ಎಂದೋ ಚಲಾವಣೆ ನಿಂತುಹೋದ ನಾಣ್ಯ ನಮ್ಮ ಪುಸ್ತಕಗಳಲ್ಲಿ ಇನ್ನೂ ಪೂರ್ಣ ಬೆಲೆಗೆ ಓಡಾಡುತ್ತಿದೆ ಎಂಬುದು ನನ್ನ ಊಹೆ. ಊಹೆ ಸರಿಯಿರಲಿ ತಪ್ಪಿರಲಿ, ಹಳೆಯ ಅರ್ಥವನ್ನು ಕೊಡುವುದರಲ್ಲಿ ದೋಷವಿಲ್ಲ. ‘ಹಳೆಯ ಬಳಕೆ’ ಎಂಬ ಎರಡು ಪದಗಳನ್ನು ಅದರ ಪಕ್ಕದಲ್ಲಿ ಹಾಕದಿರುವುದೇ ದೋಷ. ಇದೇ ಪುಸ್ತಕ ವೈದ್ಯಕೀಯ ಪದಗಳಿಗೆ ‘ವೈ’, ಕಾನೂನಿನ ಪದಗಳಿಗೆ ‘ಕಾ’ ಎಂಬ ಗುರುತುಗಳನ್ನು ತಪ್ಪದೆ ಹಾಕುತ್ತದೆ. ಪದವೊಂದು ಮೆಚ್ಚುಗೆಯದೋ ತೆಗಳಿಕೆಯದೋ ಎಂಬುದನ್ನು ಸೂಚಿಸಲು ಮಾತ್ರ ಯಾವ ಗುರುತೂ ಇಲ್ಲ. ಕಲಿಯುವವನಿಗೆ ಅದಕ್ಕಿಂತ ಮುಖ್ಯವಾದ ಗುರುತು ಯಾವುದಿದೆಯೋ ನನಗೆ ಕಾಣದು.

ಉಚ್ಚಾರಣೆಯಲ್ಲಿಯೂ ಇಲ್ಲಿ ಎಡವಿದ್ದಾರೆ. ಪುಸ್ತಕದಲ್ಲಿ ‘ಫ್ಯಾಸೆಟಿಯಸ್’ ಎಂದಿದೆ. ‘ಕಾಷಸ್’, ‘ಆಂಬಿಷಸ್’ ಎಂಬ ಪದಗಳಿಗಿರುವ ಬಾಲವೇ ಈ ಪದಕ್ಕೂ ಇದೆ. ಅವೆರಡನ್ನೂ ಸರಿಯಾಗಿ ಕೊಟ್ಟವರು ಇದೊಂದನ್ನು ಅಕ್ಷರ ನೋಡಿ ಓದಿದ್ದಾರೆ. ‘ಫಸೀಷಸ್’ ಎಂದು, ನಡುವಿನ ‘ಸೀ’ಯ ಮೇಲೆ ಒತ್ತು ಕೊಟ್ಟು ಹೇಳಬೇಕು. ಕಾಗುಣಿತ ನೆನಪಿಡಲು ಒಂದು ಮೋಜಿನ ದಾರಿಯಿದೆ: ಇಂಗ್ಲಿಷಿನ ಐದು ಸ್ವರಾಕ್ಷರಗಳಾದ ಎ, ಇ, ಐ, ಓ, ಯು ಈ ಪದದಲ್ಲಿ ಅದೇ ಕ್ರಮದಲ್ಲಿ, ತಲಾ ಒಂದೊಂದು ಬಾರಿ ಬರುತ್ತವೆ, ಕ್ರಿಯಾವಿಶೇಷಣವಾಗಿ ‘ಫಸೀಷಸ್ಲಿ’ ಎಂದು ಮಾಡಿದರೆ ಕೊನೆಗೆ ‘ವೈ’ ಅಕ್ಷರವೂ ಸೇರಿಕೊಳ್ಳುತ್ತದೆ. ಕನ್ನಡ ಲಿಪಿಗೆ ತಂದ ಕೂಡಲೇ ಈ ಚಮತ್ಕಾರ ಮಾಯವಾಗುವುದರಿಂದ, ಇಂಗ್ಲಿಷಿನಲ್ಲಿ ಒಮ್ಮೆ ಬರೆದು ನೋಡುವುದು ಒಳ್ಳೆಯದು.

ಬಳಕೆಯ ವಿಚಾರದಲ್ಲಿ ನಿಘಂಟು ಒಂದು ಉದಾಹರಣೆ ವಾಕ್ಯವನ್ನೂ ಕೊಡುವುದಿಲ್ಲವಾದ್ದರಿಂದ, ನಾನು ತಡವಾಗಿ ಕಲಿತದ್ದನ್ನು ಇಲ್ಲಿಯೇ ಬರೆಯುತ್ತೇನೆ. ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಬಂದಾಗ “ಇದು ಇಡ್ಲಿಯೋ ಗಾಡಿಯ ಚಕ್ರವೋ” ಎಂದು ಯಾರಾದರೂ ಕೇಳಿದರೆ ಅದು ಬರೀ ತಮಾಷೆ. ಅಲ್ಲಿ ಗಂಭೀರವಾದದ್ದು ಏನೂ ಇಲ್ಲವಾದ್ದರಿಂದ ‘ಫಸೀಷಸ್’ ಪದಕ್ಕೆ ಕೆಲಸವಿಲ್ಲ. ಈಗ ಬೇಸಿಗೆಯಲ್ಲಿ ನಡೆಯುವ ಬಡಾವಣೆಯ ಸಭೆಯೊಂದನ್ನು ಕಲ್ಪಿಸಿಕೊಳ್ಳಿ. ಹೇಮಾವತಿ ನಾಲೆಯ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ನಮ್ಮ ನಗರದ ನಲ್ಲಿಗಳಿಗೆ ಹರಿಯಬೇಕು. ಕೆರೆಯಲ್ಲಿ ನೀರು ತಳ ಕಂಡಿದೆ. ಹೆಂಗಸರು ಕೊಡ ಹಿಡಿದು ಬಂದು ಕುಳಿತಿದ್ದಾರೆ. ಎಂಜಿನಿಯರು ಅಂಕಿಅಂಶ ವಿವರಿಸುತ್ತಿದ್ದಾರೆ. ಆಗ ಹಿಂದಿನ ಕುರ್ಚಿಯಿಂದ ಒಬ್ಬ ಎದ್ದು, “ಸ್ವಾಮಿ, ನೀರು ಬಿಡದಿದ್ದರೂ ಪರವಾಗಿಲ್ಲ, ನಲ್ಲಿಗೆ ಪೂಜೆ ಮಾಡುವ ಮುಹೂರ್ತವನ್ನಾದರೂ ತಿಳಿಸಿ” ಎನ್ನುತ್ತಾನೆ. ನಾಲ್ಕು ಜನ ನಗುತ್ತಾರೆ, ಎಂಜಿನಿಯರ ಮುಖ ಬಿಗಿಯುತ್ತದೆ, ಚರ್ಚೆ ದಾರಿ ತಪ್ಪುತ್ತದೆ. ಆ ಮಾತು ‘ಫಸೀಷಸ್ ರಿಮಾರ್ಕ್’. ಅಧ್ಯಕ್ಷರು ಅವನನ್ನು ಕೂರಿಸಲು ಇಂಗ್ಲಿಷಿನಲ್ಲಿ ಹೇಳಬಹುದಾದ ಮಾತು ‘ಡೋಂಟ್ ಬಿ ಫಸೀಷಸ್’.

ಈ ಪದ ಹೆಚ್ಚಾಗಿ ಮಾತಿಗೆ, ಪ್ರಶ್ನೆಗೆ, ಉತ್ತರಕ್ಕೆ, ದನಿಗೆ ಅಥವಾ ಹಾಗೆ ಮಾತನಾಡುವ ವ್ಯಕ್ತಿಗೆ ಅಂಟಿಕೊಳ್ಳುತ್ತದೆ. ನಗೆನಾಟಕವನ್ನೋ ಹಾಸ್ಯಲೇಖನವನ್ನೋ ಹೊಗಳಲು ಇದನ್ನು ಬಳಸುವಂತಿಲ್ಲ. ತಿಳಿಯದೆ ನಗೆ ಬರಿಸಿದರೂ ಇದು ಸಲ್ಲದು: ಸಾವಿನ ಮನೆಯಲ್ಲಿ ಪುಟ್ಟ ಮಗುವೊಂದು ಏನೋ ಕೇಳಿ ದೊಡ್ಡವರೆಲ್ಲ ತುಟಿ ಕಚ್ಚಿಕೊಳ್ಳುವಂತಾದರೆ ಆ ಮಗು ‘ಫಸೀಷಸ್’ ಅಲ್ಲ, ಬೇಕೆಂದೇ ಆಡಿದ ಮಾತಿಗೆ ಮಾತ್ರ ಈ ವಿಶೇಷಣ. ಕ್ರಿಯಾಪದದ ರೂಪದಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಹೀ ಈಸ್ ಫಸೀಷಸ್’ ಎಂದರೆ ಅವನ ಸ್ವಭಾವವೇ ಅಂಥದು ಎಂದಾಗುತ್ತದೆ. ‘ಹೀ ವಾಸ್ ಬೀಯಿಂಗ್ ಫಸೀಷಸ್’ ಎಂದರೆ ಆ ಹೊತ್ತಿನಲ್ಲಿ ಹಾಗೆ ಮಾತನಾಡಿದ ಎಂದಷ್ಟೇ. ನಮ್ಮಲ್ಲಿಯೂ ‘ಅವನು ತಲೆಹರಟೆ’ ಎನ್ನುವುದಕ್ಕೂ ‘ಅವನು ತಲೆಹರಟೆ ಮಾಡಿದ’ ಎನ್ನುವುದಕ್ಕೂ ಇರುವ ಅಂತರ ಇದೇ. ತನ್ನ ಮಾತನ್ನು ಯಾರಾದರೂ ನಿಜವೆಂದು ಹಿಡಿದುಕೊಂಡಾಗ ‘ಐ ವಾಸ್ ಓನ್ಲಿ ಬೀಯಿಂಗ್ ಫಸೀಷಸ್’ ಎಂದು ಹೇಳಿ ಜಾರಿಕೊಳ್ಳುವುದೂ ಉಂಟು. ಆಗ ಪದದಲ್ಲಿ ಕ್ಷಮೆಯ ಲೇಪವಿರುತ್ತದೆ.

ಈ ಕೊನೆಯ ಬಗೆಯ ಹದವಾದ ಉದಾಹರಣೆ ನನಗೆ ದೊರೆತದ್ದು ಆ ಮುಖ್ಯೋಪಾಧ್ಯಾಯರಿಂದಲೇ. ಒಂದು ವಾರ ಒದ್ದಾಡಿ, ಹಣ್ಣು ಹೂವು ಹಿಡಿದುಕೊಂಡು ಅವರ ಮನೆಗೆ ಹೋಗಿ, ನಡುಮನೆಯಲ್ಲಿ ತೂಗುಹಾಕಿದ್ದ ಚೌಕಟ್ಟಿನ ಕೆಳಗೇ ಕುಳಿತು, ಆದ ತಪ್ಪನ್ನು ಒಪ್ಪಿಕೊಂಡು ಹೊಸ ಪ್ರತಿ ಮಾಡಿಸಿಕೊಡುತ್ತೇನೆಂದೆ. ಅವರು ಕನ್ನಡಕ ಏರಿಸಿ ಆ ಸಾಲನ್ನು ಓದಿ, “ಬೇಡಿ ಮೇಷ್ಟ್ರೇ, ಮೂವತ್ನಾಲ್ಕು ವರ್ಷದ ಸರ್ವೀಸಿನಲ್ಲಿ ನನ್ನ ಬಗ್ಗೆ ನಿಜ ಬರೆದವರು ನೀವೊಬ್ಬರೇ” ಎಂದರು. ನಾನು ಕೈ ಮುಗಿದು ಕ್ಷಮೆ ಕೇಳುತ್ತಿರುವಾಗ ಅವರು ಆಡಿದ ಆ ಮಾತನ್ನು ಬಣ್ಣಿಸಲು ಆ ವಿಶೇಷಣಕ್ಕಿಂತ ಸರಿಯಾದದ್ದು ಇಲ್ಲ. ಚೌಕಟ್ಟು ಅಲ್ಲಿಯೇ ಇದೆ.

ಇದರ ನೆರೆಯ ಪದಗಳನ್ನು ನಿಘಂಟು ಹೇಗೆ ನೋಡಿಕೊಂಡಿದೆಯೆಂದು ಆಮೇಲೆ ಒಂದೊಂದಾಗಿ ಪರೀಕ್ಷಿಸಿದೆ. ‘ಸಾರ್ಕಾಸ್ಟಿಕ್’, ‘ಐರಾನಿಕ್’, ‘ಸಾರ್ಡಾನಿಕ್’ ಎಂಬ ಮೂರಕ್ಕೂ ‘ವ್ಯಂಗ್ಯದ’ ಎಂಬ ಒಂದೇ ಅರ್ಥ ಕೊಟ್ಟಿದೆ. ಮೊದಲನೆಯದರ ಗ್ರೀಕ್ ಮೂಲಕ್ಕೆ ಮಾಂಸವನ್ನು ಹರಿಯುವುದು ಎಂಬ ಅರ್ಥವಿದೆ. ಎದುರಿನವನಿಗೆ ನೋವಾಗಲೆಂದೇ ಆಡುವ ಮಾತು ಅದು, ನಮ್ಮ ಚುಚ್ಚುಮಾತು, ಕೊಂಕು. ‘ಫಸೀಷಸ್’ ಆದವನಿಗೆ ಯಾರನ್ನೂ ನೋಯಿಸುವ ಉದ್ದೇಶ ಇರಬೇಕಾಗಿಲ್ಲ, ಅವನಿಗೆ ಬೇಕಾದದ್ದು ನಗು. ಈ ವ್ಯತ್ಯಾಸ ತಿಳಿಯದೆ ಒಂದರ ಬದಲು ಇನ್ನೊಂದನ್ನು ಬಳಸುವವರು ಇಂಗ್ಲಿಷ್ ಚೆನ್ನಾಗಿ ಬಲ್ಲವರಲ್ಲಿಯೂ ಇದ್ದಾರೆ. ‘ಐರಾನಿಕ್’ ಎಂಬುದು ಹೇಳುವುದೊಂದು, ಸೂಚಿಸುವುದು ಅದರ ವಿರುದ್ಧ ಎಂಬ ಕಡೆ ಬರುತ್ತದೆ. ಇನ್ನು ‘ಸಾರ್ಡಾನಿಕ್’ ಎಂಬುದರಲ್ಲಿರುವುದು ಲೋಕದ ಬಗ್ಗೆ ಕಹಿಯಾದವನ ತಾತ್ಸಾರದ ನಗೆ. ‘ವ್ಯಂಗ್ಯ’ವನ್ನು ನಡುವಿನದಕ್ಕೆ ಮೀಸಲಿಟ್ಟಿದ್ದರೆ ಸಾಕಾಗಿತ್ತು.

ವ್ಯಂಗ್ಯವೆಂಬ ಪದವೂ ತನ್ನ ಕಾಲದಲ್ಲಿ ಎತ್ತರದ ಪೀಠದಲ್ಲಿದ್ದದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು. ಒಂಬತ್ತನೆಯ ಶತಮಾನದ ಆನಂದವರ್ಧನನಿಗೆ ವ್ಯಂಗ್ಯಾರ್ಥವೆಂದರೆ ಮಾತು ನೇರವಾಗಿ ಹೇಳದೆ ಧ್ವನಿಸುವ ಅರ್ಥ, ಕಾವ್ಯದ ಜೀವ. ಇಂದು ‘ಏನು ವ್ಯಂಗ್ಯವಾಗಿ ಮಾತಾಡುತ್ತೀಯ’ ಎಂದು ಜಗಳ ತೆಗೆಯುವವರಿಗೆ ಆ ಪೀಠದ ನೆನಪಿಲ್ಲ. ‘ಕುಚೋದ್ಯ’ದ ಕಥೆಯೂ ಇಂಥದೇ: ಸಂಸ್ಕೃತದಲ್ಲಿ ಅದು ಸಲ್ಲದ ಪ್ರಶ್ನೆ, ಹುರುಳಿಲ್ಲದ ಆಕ್ಷೇಪ, ಕನ್ನಡದಲ್ಲಿ ಅದು ಕೀಟಲೆಯ ಮಾತಾಯಿತು. ಬಡಾವಣೆಯ ಸಭೆಯಲ್ಲಿ ಎದ್ದುನಿಂತವನು ಕೇಳಿದ್ದು ಸಲ್ಲದ ಪ್ರಶ್ನೆಯೂ ಹೌದು, ಕೀಟಲೆಯೂ ಹೌದು. ಬರವಣಿಗೆಯ ಕನ್ನಡಕ್ಕೆ ‘ಕುಚೋದ್ಯದ’ ಎಂದೂ ಆಡುಮಾತಿಗೆ ‘ತಲೆಹರಟೆಯ’ ಎಂದೂ ಎರಡು ಪದ ಅಚ್ಚು ಹಾಕಿದ್ದರೆ ‘ಫಸೀಷಸ್’ನ ಇಂದಿನ ಅರ್ಥ ಅರ್ಧ ಸಾಲಿನಲ್ಲಿ ಮುಗಿಯುತ್ತಿತ್ತು. ಈ ಎರಡೂ ಪದಗಳು ನಿಘಂಟುಕಾರರಿಗೆ ತಿಳಿಯದವಲ್ಲ. ತಲೆಹರಟೆಯಂಥ ಮನೆಮಾತನ್ನು ನಿಘಂಟಿನ ಪುಟದಲ್ಲಿ ಕೂರಿಸಲು ಸಂಕೋಚವಾಗಿ, ಸಂಸ್ಕೃತದ ಜರತಾರಿ ಉಟ್ಟ ಪದವನ್ನೇ ಹುಡುಕಿದಂತೆ ತೋರುತ್ತದೆ. ಕಾನೂನಿನ ಪದಗಳಿಗೆ ತಗಾದೆ, ಮುಚ್ಚಳಿಕೆ ಎಂದು ಧೈರ್ಯವಾಗಿ ಬರೆದವರಿಗೆ ಇಲ್ಲಿ ಏಕೆ ಈ ಅಂಜಿಕೆಯೋ ತಿಳಿಯದು.

‘ರೈ’ ಎಂಬ ಚಿಕ್ಕ ಪದಕ್ಕೆ ನಿಘಂಟು ‘ವಕ್ರ, ಸೊಟ್ಟ’ ಎಂದು ಬರೆದು ಕೈ ತೊಳೆದುಕೊಂಡಿದೆ. ಮೂಲದಲ್ಲಿ ತಿರುಚು ಎಂಬ ಅರ್ಥವಿರುವುದು ನಿಜ, ಆದರೆ ‘ರೈ ಸ್ಮೈಲ್’ ಎಂಬುದನ್ನು ‘ಸೊಟ್ಟ ನಗೆ’ ಎಂದರೆ ಕನ್ನಡದಲ್ಲಿ ಅದು ಅಣಕಿಸುವ ನಗೆಯಾಗುತ್ತದೆ. ಬೆಳಗಿನ ರೈಲು ತಪ್ಪಿಸಿಕೊಂಡು, ಬಸ್ಸು ಹಿಡಿದು, ಅದೂ ಡಾಬಸ್‌ಪೇಟೆಯ ಬಳಿ ಕೆಟ್ಟು ನಿಂತಾಗ, ಬೆಂಗಳೂರಿನ ಕಚೇರಿಗೆ ಹೊರಟವನು ಬಯ್ಯುವುದನ್ನು ಬಿಟ್ಟು ತುಟಿಯ ಒಂದು ಅಂಚಿನಲ್ಲಿ ನಗುತ್ತಾನಲ್ಲ, ಅದು ‘ರೈ’. ತನ್ನ ಪಾಡನ್ನು ತಾನೇ ದೂರದಿಂದ ನೋಡಿದ ನಗೆ. ಇದಕ್ಕೆ ಒಂದೇ ಪದ ಕನ್ನಡದಲ್ಲಿ ನನಗೂ ಹೊಳೆದಿಲ್ಲವಾದ್ದರಿಂದ ನಿಘಂಟನ್ನು ಹೆಚ್ಚು ದೂಷಿಸಲಾರೆ. ಒಂದು ಉದಾಹರಣೆ ವಾಕ್ಯ ಕೊಟ್ಟಿದ್ದರೆ ಮಾತ್ರ ಉಪಕಾರವಾಗುತ್ತಿತ್ತು. ‘ಡ್ರೋಲ್’ ಎಂಬ ಪದಕ್ಕೆ ‘ವಿದೂಷಕ’ ಎಂಬ ಅರ್ಥ ನಾಮಪದವಾಗಿ ಹಿಂದೆ ಸಲ್ಲುತ್ತಿತ್ತು. ಈಗ ಅದು ಮುಖ್ಯವಾಗಿ ವಿಶೇಷಣ, ವಿಚಿತ್ರವಾದ ರೀತಿಯಲ್ಲಿ, ಅಬ್ಬರವಿಲ್ಲದೆ ನಗೆ ಬರಿಸುವ ಎಂಬ ಅರ್ಥದ್ದು. 1884ರಲ್ಲಿ ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಮುಂದೆ ನಾಡಿಗೆಲ್ಲ ಹೆಸರಾಗಿಸಿದ ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಗಳಿಗೆ ಖ್ಯಾತರಾಗಿದ್ದರು. ಅಂಥ ನಟನೊಬ್ಬ ಇನ್ನೂ ಮಾತೇ ಆಡದೆ, ಸುಮ್ಮನೆ ಪರದೆಯ ಪಕ್ಕದಲ್ಲಿ ಬಂದು ನಿಂತರೂ ನಗು ಹುಟ್ಟುವುದಾದರೆ ಅದನ್ನು ‘ಡ್ರೋಲ್’ ಎನ್ನಬಹುದು.

‘ಕಾಮಿಕ್’ ಮತ್ತು ‘ಕಾಮಿಕಲ್’ ಎಂಬೆರಡನ್ನು ಒಂದೇ ಎಂದು ತೋರಿಸಿರುವುದು ಇನ್ನೊಂದು ಲೋಪ. ನಗಿಸಲೆಂದೇ ಇರುವುದು ಮೊದಲನೆಯದು; ಎರಡನೆಯದನ್ನು ಹೆಚ್ಚಾಗಿ, ನಗಿಸುವ ಉದ್ದೇಶವಿಲ್ಲದೆ ನಗೆಪಾಟಲಾದದ್ದಕ್ಕೆ ಬಳಸುತ್ತಾರೆ. ‘ಫನ್ನಿ’ಗೆ ನಗೆ ಬರಿಸುವ ಎಂಬುದರ ಜೊತೆಗೆ ವಿಚಿತ್ರವಾದ, ಅನುಮಾನ ಬರುವಂಥ ಎಂಬ ಅರ್ಥವನ್ನೂ ಕೊಟ್ಟಿದ್ದಾರೆ. ಅದು ಸರಿಯಾಗಿದೆ. ‘ಹ್ಯೂಮರಸ್’ ಪದದ ಅರ್ಥ ಸರಿಯಿದ್ದರೂ ಕಾಗುಣಿತವೇ ತಪ್ಪು. ಬ್ರಿಟಿಷ್ ಕ್ರಮದಲ್ಲಿ ‘ಹ್ಯೂಮರ್’ ಎಂಬ ನಾಮಪದದ ಕೊನೆಯಲ್ಲಿ ಓ ಆದ ಮೇಲೆ ಒಂದು ಯು ಇರುತ್ತದೆ, ಅಮೆರಿಕದ ಕ್ರಮದಲ್ಲಿ ಇರುವುದಿಲ್ಲ. ವಿಶೇಷಣವಾದಾಗ ಎರಡೂ ದೇಶದವರು ಆ ಯುವನ್ನು ಬಿಟ್ಟೇ ಬರೆಯುತ್ತಾರೆ. ನಿಘಂಟು ಅದನ್ನು ಉಳಿಸಿಕೊಂಡಿದೆ. ತರಗತಿಯಲ್ಲಿ ಮಕ್ಕಳು ಈ ತಪ್ಪು ಮಾಡಿದರೆ ತಿದ್ದಬಹುದು, ನಿಘಂಟೇ ಮಾಡಿದರೆ ಯಾರು ತಿದ್ದಬೇಕು?

ನಗೆಯನ್ನು ವಿಂಗಡಿಸುವ ವಿದ್ಯೆ ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆ ಮಾಡಿ, ಮೊದಲೆರಡನ್ನು ಉತ್ತಮರಿಗೂ ನಡುವಿನೆರಡನ್ನು ಮಧ್ಯಮರಿಗೂ ಕೊನೆಯೆರಡನ್ನು ಅಧಮರಿಗೂ ಹಂಚುತ್ತದೆ. ಆದರೆ ಆ ವಿಂಗಡಣೆ ನಗುವವನ ಮುಖವನ್ನು ನೋಡಿ ಮಾಡಿದ್ದು: ಹಲ್ಲು ಕಂಡಿತೇ, ದನಿ ಬಂದಿತೇ, ಕಣ್ಣಲ್ಲಿ ನೀರು ಬಂದಿತೇ ಎಂದು. ನಾನು ಮೇಲೆ ಹೇಳಿದ ಇಂಗ್ಲಿಷ್ ವಿಶೇಷಣಗಳು ನಗಿಸುವವನ ಮನಸ್ಸನ್ನು ನೋಡುತ್ತವೆ. ಆ ಕಾರಣದಿಂದ ಸಂಸ್ಕೃತದ ಪಟ್ಟಿ ಇಲ್ಲಿ ನೆರವಿಗೆ ಬರುವುದಿಲ್ಲ, ಮತ್ತು ನಮ್ಮ ಆಡುಮಾತಿನ ಗೇಲಿ, ಲೇವಡಿ, ಕೀಟಲೆ, ಕುಶಾಲು, ಕೊಂಕು, ಕುಹಕ, ಹುಡುಗಾಟ, ತಲೆಹರಟೆಗಳೇ ಬರುತ್ತವೆ. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ನಾವು ಯಾರೂ ಬಳಸುವುದಿಲ್ಲ. ಸಂಬಂಧಿಕರ ಮನೆಯಲ್ಲಿ ಕುಶಾಲು ನಡೆಯುತ್ತದೆ, ಲೇವಡಿ ನಡೆಯುವುದಿಲ್ಲ. ಇಷ್ಟು ಪದಗಳು ಕೈಯಲ್ಲಿರುವಾಗ ನಿಘಂಟು ನಾಲ್ಕರಲ್ಲಿಯೇ ಸಂಸಾರ ತೂಗಿಸಿರುವುದು ಜಿಪುಣತನವಾಗಿ ಕಾಣುತ್ತದೆ.

ಕೊಳ್ಳಬೇಕೇ ಬೇಡವೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ವಿದ್ಯಾರ್ಥಿಗಳಿಗೆ, ಇಂಗ್ಲಿಷ್ ಪತ್ರಗಳನ್ನು ಓದಬೇಕಾದ ಗುಮಾಸ್ತರಿಗೆ, ದಾವೆಯ ಕಾಗದ ಹಿಡಿದು ಓಡಾಡುವ ರೈತರಿಗೆ 180 ರೂಪಾಯಿಗೆ ಇದು ಮೋಸವಿಲ್ಲ. ವಸ್ತುಗಳ, ಕೆಲಸಗಳ, ಕಚೇರಿಯ ಪದಗಳಿಗೆ ಇದನ್ನು ನಂಬಬಹುದು. ಮನುಷ್ಯರ ಸ್ವಭಾವವನ್ನು ಹೇಳುವ ವಿಶೇಷಣಗಳಿಗೆ ನಂಬಬಾರದು. ಇಂಗ್ಲಿಷ್ ಓದುವುದಕ್ಕೆ ಇದನ್ನು ಬಳಸಿದರೆ ಹೆಚ್ಚೆಂದರೆ ಒಂದು ವಾಕ್ಯ ಮಸುಕಾಗುತ್ತದೆ; ಇಂಗ್ಲಿಷ್ ಬರೆಯುವುದಕ್ಕೆ ಬಳಸಿದರೆ ಗಾಜಿನ ಚೌಕಟ್ಟಿನವರೆಗೆ ಹೋಗುತ್ತದೆ. ಬರೆಯುವವರು ಉದಾಹರಣೆ ವಾಕ್ಯಗಳಿರುವ, ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಅಂಥವು ಈಗ ಫೋನಿನಲ್ಲಿಯೇ ಸಿಗುತ್ತವೆ, ಒತ್ತಿದರೆ ಉಚ್ಚಾರಣೆಯನ್ನೂ ಕೇಳಿಸುತ್ತವೆ.

ಕಳೆದ ತಿಂಗಳು ಬಿ.ಎಚ್. ರಸ್ತೆಯ ಪುಸ್ತಕದಂಗಡಿಯಲ್ಲಿ ಇದೇ ನಿಘಂಟಿನ ಹೊಸ ಮುದ್ರಣ ಕಂಡಿತು. ರಟ್ಟಿನ ಬಣ್ಣ ಕೆಂಪು ಹೋಗಿ ನೀಲಿಯಾಗಿದೆ, ಬೆಲೆ 220 ಆಗಿದೆ, ಮುಖಪುಟದ ಮೇಲೆ ‘ಪರಿಷ್ಕೃತ’ ಎಂಬ ಪದ ಬಂದಿದೆ. ಅಂಗಡಿಯವರ ಅನುಮತಿ ಪಡೆದು ‘ಎಫ್’ ಅಕ್ಷರದ ಪುಟ ತೆರೆದೆ. ವಿನೋದಶೀಲ, ಹಾಸ್ಯಪ್ರಿಯ, ರಸಿಕ ಮೂವರೂ ಇದ್ದ ಜಾಗದಲ್ಲಿಯೇ ಇದ್ದರು. ಪುಸ್ತಕ ಮುಚ್ಚಿಟ್ಟು, ಮೊಮ್ಮಗನಿಗೆ ಬೇಕಾಗಿದ್ದ ಎರಡು ನೋಟುಪುಸ್ತಕ ಮಾತ್ರ ಕೊಂಡು ಬಂದೆ.